ಸೀಸೆಯ ಮೇಲಿರುವುದು ಊರ ಹೆಸರೋ, ದ್ರಾಕ್ಷಿಯ ಹೆಸರೋ?

ಪ್ರಶ್ನೆ: ನನ್ನ ಊರು ದಾವಣಗೆರೆ. ಓದಲು ಇಟಲಿಯ ಟ್ಯೂರಿನ್‌ಗೆ ಬಂದು ಒಂದು ವರ್ಷವಾಯಿತು. ಇಲ್ಲಿನ ಅಂಗಡಿಯಿಂದ ಎರಡು ಸೀಸೆ ಕೆಂಪು ವೈನ್ ತಂದೆ. ಒಂದರ ಮೇಲೆ ‘ಮೊಂತೆಪುಲ್ಚಾನೊ ದಬ್ರುತ್ಸೊ’ ಎಂದಿತ್ತು, ಬೆಲೆ 6 ಯೂರೋ. ಇನ್ನೊಂದರ ಮೇಲೆ ‘ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ’, ಬೆಲೆ 19 ಯೂರೋ. ಎರಡರಲ್ಲೂ ಒಂದೇ ಹೆಸರಿದ್ದರೂ ರುಚಿಯಲ್ಲಿ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಅಗ್ಗದ್ದೇ ಹೆಚ್ಚು ಇಷ್ಟವಾಯಿತು. ಹೋದ ತಿಂಗಳು ನಮ್ಮ ಪ್ರಾಧ್ಯಾಪಕರ ಮನೆಯ ಊಟದಲ್ಲಿ ಬರೋಲೊ ತೆರೆದರು. ಎಲ್ಲರೂ ಕಣ್ಣು ಮುಚ್ಚಿ ಮೆಚ್ಚಿದರು. ನನಗೆ ಕಂಡದ್ದು ತೆಳು ಬಣ್ಣ, ಬಾಯಿ ತುಂಬ ಒಗರು. ನನ್ನ ನಾಲಿಗೆಯಲ್ಲೇ ದೋಷವಿದೆಯೇ? ಇಷ್ಟೊಂದು ಹೆಸರುಗಳನ್ನು ಎಲ್ಲಿಂದ ಕಲಿಯಲು ಆರಂಭಿಸಲಿ? ನಾನು ಸಸ್ಯಾಹಾರಿ, ಮನೆಯಲ್ಲಿ ಮಾಡಿಕೊಳ್ಳುವುದು ನಮ್ಮ ಖಾರದ ಅಡುಗೆ.

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಅಂಗಡಿಯವನೂ ಮೋಸ ಮಾಡಿಲ್ಲ. ಹೆಸರೊಂದನ್ನು ಬಿಟ್ಟರೆ ಆ ಎರಡು ಸೀಸೆಗಳಲ್ಲಿ ಸಮಾನವಾದದ್ದು ಏನೂ ಇಲ್ಲ ಎಂಬುದನ್ನು ನೀವು ಕುಡಿದೇ ಕಂಡುಕೊಂಡಿದ್ದೀರಿ. ನನ್ನಲ್ಲಿ ಪಾಠಕ್ಕೆ ಬರುವವರು ಇದನ್ನೇ ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ತಪ್ಪು ಬರೆದು ಬರುತ್ತಾರೆ.

ಮೊದಲ ಸೀಸೆಯಲ್ಲಿ ಮೊಂತೆಪುಲ್ಚಾನೊ ಎಂಬುದು ದ್ರಾಕ್ಷಿಯ ಹೆಸರು. ಅದು ಬೆಳೆದದ್ದು ಅಬ್ರುತ್ಸೊದಲ್ಲಿ, ಅಂದರೆ ಅಪೆನ್ನೈನ್ ಬೆಟ್ಟಸಾಲಿನಿಂದ ಆಡ್ರಿಯಾಟಿಕ್ ಸಮುದ್ರದವರೆಗೆ ಇಳಿಯುವ ಪ್ರಾಂತ್ಯದಲ್ಲಿ. ಆ ಹೆಸರು ಹಾಕಿಕೊಳ್ಳಬೇಕಾದರೆ ಕನಿಷ್ಠ ಶೇ 85ರಷ್ಟು ಅದೇ ದ್ರಾಕ್ಷಿ ಇರಬೇಕು. ಎರಡನೆಯದರಲ್ಲಿ ಮೊಂತೆಪುಲ್ಚಾನೊ ಒಂದು ಊರು. ತಸ್ಕನಿಯ ಸಿಯೆನಾ ಜಿಲ್ಲೆಯಲ್ಲಿ, ಗುಡ್ಡದ ನೆತ್ತಿಯ ಮೇಲೆ ಕುಳಿತಿರುವ ಹಳೆಯ ಪಟ್ಟಣ. ಅಲ್ಲಿನ ವೈನಿಗೆ ಮುಖ್ಯ ದ್ರಾಕ್ಷಿ ಸಾಂಜೋವೇಸೆ, ಕನಿಷ್ಠ ಶೇ 70. ಊರವರು ಅದನ್ನು ಪ್ರುನ್ಯೋಲೊ ಜೆಂಟೀಲೆ ಎಂದು ಮುದ್ದಿನ ಹೆಸರಿನಿಂದ ಕರೆಯುತ್ತಾರೆ. ಮೊಂತೆಪುಲ್ಚಾನೊ ಎಂಬ ದ್ರಾಕ್ಷಿಗೂ ಮೊಂತೆಪುಲ್ಚಾನೊ ಎಂಬ ಊರಿನ ವೈನಿಗೂ ನಂಟಿಲ್ಲ. ಈ ಗೊಂದಲ ಎಷ್ಟು ಬೆಳೆಯಿತೆಂದರೆ, ಈಚೆಗೆ ವೀನೊ ನೋಬಿಲೆಯವರು ಸೀಸೆಯ ಮೇಲೆ ‘ತೊಸ್ಕಾನಾ’ ಎಂದು ಪ್ರಾಂತ್ಯದ ಹೆಸರನ್ನೂ ಸೇರಿಸತೊಡಗಿದ್ದಾರೆ.

ನಮಗೆ ಇದು ಅಷ್ಟು ವಿಚಿತ್ರವಾಗಿ ಕಾಣಬೇಕಿಲ್ಲ. ‘ಬ್ಯಾಡಗಿ’ ಎಂದು ಕೊಳ್ಳುವ ಮೆಣಸಿನಕಾಯಿ ಬ್ಯಾಡಗಿಯಲ್ಲೇ ಬೆಳೆದಿರಬೇಕು ಎಂದು ಯಾರೂ ಪಟ್ಟು ಹಿಡಿಯುವುದಿಲ್ಲ. ಊರ ಹೆಸರು ಅಲ್ಲಿ ತಳಿಯ ಹೆಸರಾಗಿ ಹೋಗಿದೆ. ಮಟ್ಟುಗುಳ್ಳವಾದರೆ ಉಡುಪಿ ಹತ್ತಿರದ ಮಟ್ಟು ಗ್ರಾಮದ ಮಣ್ಣನ್ನು ಬಿಟ್ಟು ಬರುವುದಿಲ್ಲ. ಇಟಲಿಯ ಸೀಸೆಗಳಲ್ಲಿ ಬ್ಯಾಡಗಿಯ ಜಾತಿಯವೂ ಇವೆ, ಮಟ್ಟುಗುಳ್ಳದ ಜಾತಿಯವೂ ಇವೆ. ಸೀಸೆಯನ್ನು ಕೈಗೆತ್ತಿಕೊಂಡ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ: ಇದು ಊರೋ, ದ್ರಾಕ್ಷಿಯೋ?

ಗುರುತಿಸಲು ಒಂದು ಚಿಕ್ಕ ದಾರಿಯಿದೆ. ನಡುವೆ ಬರುವ ‘ದಿ’ ಅಥವಾ ‘ದ’ ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಬಾರ್ಬೆರಾ ದಾಸ್ತಿ ಎಂದರೆ ಆಸ್ತಿಯ ಬಾರ್ಬೆರಾ. (ಆಸ್ತಿ ಇಲ್ಲಿ ಪಟ್ಟಣದ ಹೆಸರು, ಕಾಗದಪತ್ರ ಬೇಕಾಗಿಲ್ಲ.) ಮುಂದಿರುವುದು ಸಾಮಾನ್ಯವಾಗಿ ದ್ರಾಕ್ಷಿ, ಹಿಂದಿರುವುದು ಊರು. ಆದರೆ ಮುಂದೆ ‘ವೀನೊ ನೋಬಿಲೆ’ ಎಂಬಂಥ ಬಿರುದು ಬಂದರೆ ದ್ರಾಕ್ಷಿ ಮರೆಯಾಯಿತೆಂದೇ ತಿಳಿಯಿರಿ. ಬರೋಲೊ, ಕಿಯಾಂಟಿ, ಸೊವಾವೆ, ತೌರಾಸಿ ಎಂದು ಒಂಟಿ ಪದವಿದ್ದರೆ ಅದು ಬರಿಯ ಜಾಗದ ಹೆಸರು. ದ್ರಾಕ್ಷಿ ಯಾವುದೆಂದು ಇಟಲಿಯವರು ಹೇಳುವುದಿಲ್ಲ, ನಿಮಗೆ ಗೊತ್ತಿದೆ ಎಂದುಕೊಂಡಿರುತ್ತಾರೆ. ಈ ಹೆಸರುಗಳಿಗೆ ಕಾನೂನಿನ ಬಲ ಬಂದದ್ದು 1963ರಲ್ಲಿ, ಡಿಒಸಿ ಎಂಬ ವ್ಯವಸ್ಥೆಯೊಂದಿಗೆ. ಯಾವ ಗಡಿಯೊಳಗೆ, ಯಾವ ದ್ರಾಕ್ಷಿ, ಎಕರೆಗೆ ಎಷ್ಟು ಇಳುವರಿ, ಎಷ್ಟು ತಿಂಗಳು ಮಾಗಿಸಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಅದರ ಮೇಲಿನ ಮೆಟ್ಟಿಲು ಡಿಒಸಿಜಿ. 1980ರಲ್ಲಿ ಆ ಪಟ್ಟ ಸಿಕ್ಕ ಮೊದಲ ಸಾಲಿನಲ್ಲಿ ಬರೋಲೊ, ತಸ್ಕನಿಯ ಬ್ರುನೆಲ್ಲೊ ಜೊತೆಗೆ ನಿಮ್ಮ ವೀನೊ ನೋಬಿಲೆಯೂ ಇತ್ತು. ಸೀಸೆಯ ಕುತ್ತಿಗೆಗೆ ಅಂಟಿಸಿರುವ, ಸರ್ಕಾರದ ಸಂಖ್ಯೆಯಿರುವ ಕಾಗದದ ಪಟ್ಟಿ ಅದರ ಗುರುತು. ಅದು ಹುಟ್ಟಿದ ಜಾಗಕ್ಕೆ ಸಾಕ್ಷಿ ಹೇಳುತ್ತದೆಯೇ ಹೊರತು ನಿಮಗೆ ಇಷ್ಟವಾಗುತ್ತದೆ ಎಂದು ಭರವಸೆ ಕೊಡುವುದಿಲ್ಲ. 6 ಯೂರೋದ ಅಬ್ರುತ್ಸೊ ಇಷ್ಟವಾದುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ದ್ರಾಕ್ಷಿಗೆ ಗಾಢ ಬಣ್ಣ, ತುಂಬಿದ ಹಣ್ಣು, ಮೆತ್ತನೆಯ ಒಗರು. ಕಲಿಯುವವರಿಗೆ ಅದು ಸ್ನೇಹದ ವೈನ್.

ಈಗ ಬರೋಲೊ. ನೀವಿರುವ ಊರಿನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿಯಲ್ಲಿ ಅದರ ಹುಟ್ಟೂರು ಇರುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬರೋಲೊ ಒಂದು ಹಳ್ಳಿ. ಅದರ ಹೆಸರಿನಲ್ಲಿ ಸುತ್ತಲಿನ ಹನ್ನೊಂದು ಗ್ರಾಮಗಳ ಗುಡ್ಡಗಳಿಂದ ಬರುವ ವೈನ್ ಮಾರಾಟವಾಗುತ್ತದೆ. ದ್ರಾಕ್ಷಿ ಒಂದೇ, ನೆಬ್ಬಿಯೋಲೊ, ಬೆರಕೆಗೆ ಅವಕಾಶವಿಲ್ಲ. ಟ್ಯೂರಿನ್‌ಗೆ ಅಂಟಿಕೊಂಡಂತಿರುವ ರಿವೋಲಿಯ 13ನೇ ಶತಮಾನದ ದಾಖಲೆಯಲ್ಲೇ ಈ ದ್ರಾಕ್ಷಿಯ ಹೆಸರು ಬರುತ್ತದೆ. ‘ನೆಬ್ಬಿಯಾ’ ಎಂದರೆ ಮಂಜು. ಅಕ್ಟೋಬರ್‌ನಲ್ಲಿ ಕಣಿವೆಗೆ ಮಂಜು ಇಳಿಯುವ ಹೊತ್ತಿಗೆ ಹಣ್ಣಾಗುವುದರಿಂದ ಈ ಹೆಸರು ಎನ್ನುವವರಿದ್ದಾರೆ. ಹಣ್ಣಿನ ಮೇಲೆ ಮಂಜಿನಂತೆ ಕೂರುವ ಬಿಳಿ ಪುಡಿಯಿಂದ ಬಂತು ಎನ್ನುವವರೂ ಇದ್ದಾರೆ.

ಇದು ಹಟಮಾರಿ ಬಳ್ಳಿ. ಎಲ್ಲರಿಗಿಂತ ಮೊದಲು ಚಿಗುರುತ್ತದೆ, ಆದ್ದರಿಂದ ವಸಂತದ ಹಿಮಕ್ಕೆ ಸಿಕ್ಕಿ ಸೊರಗುವ ಭಯ. ಎಲ್ಲರಿಗಿಂತ ಕೊನೆಗೆ ಹಣ್ಣಾಗುತ್ತದೆ, ಆದ್ದರಿಂದ ಶರತ್ಕಾಲದ ಮಳೆಯ ಭಯ. ಹೀಗಾಗಿ ದಿನವಿಡೀ ಬಿಸಿಲು ಬೀಳುವ ದಕ್ಷಿಣಮುಖದ ಇಳಿಜಾರೇ ಬೇಕು. ಚಳಿಗಾಲದಲ್ಲಿ ಎಲ್ಲಿ ಹಿಮ ಮೊದಲು ಕರಗುತ್ತದೆಯೋ ಅಲ್ಲಿ ನೆಬ್ಬಿಯೋಲೊ ನೆಡು ಎಂಬುದು ಅಲ್ಲಿನ ರೈತರ ಲೆಕ್ಕ. ಅದೇ ಗುಡ್ಡದ ತಂಪು ಮಗ್ಗುಲಿಗೆ ಬಾರ್ಬೆರಾ, ಇನ್ನೂ ತಂಪಿಗೆ ದೋಲ್ಚೆತ್ತೊ. ಉತ್ತರದ ನೆರಳಿಗೆ ಹೇಝಲ್ ಕಾಯಿಯ ತೋಟ. ಒಂದೇ ಗುಡ್ಡವನ್ನು ಸುತ್ತಿ ಬಂದರೆ ಈ ನಾಲ್ಕೂ ಕಾಣುತ್ತವೆ.

ನಿಮಗೆ ಕಂಡ ತೆಳು ಬಣ್ಣ ಈ ದ್ರಾಕ್ಷಿಯ ಹುಟ್ಟುಗುಣ. ಅದರ ಸಿಪ್ಪೆಯ ಬಣ್ಣ ಬಹಳ ಕಾಲ ನಿಲ್ಲುವಂಥದ್ದಲ್ಲ. ಕೆಲವೇ ವರ್ಷಗಳಲ್ಲಿ ಅಂಚಿನ ಬಣ್ಣ ಇಟ್ಟಿಗೆಗೆ ತಿರುಗುತ್ತದೆ. ನೋಡಲು ಇಷ್ಟು ಸೌಮ್ಯವಾಗಿದ್ದರೂ ಬಾಯಿಗೆ ಬಿದ್ದರೆ ಎಳೆಯ ಅಡಿಕೆ ಜಗಿದಂಥ ಒಗರು. ಇಂಗ್ಲಿಷಿನಲ್ಲಿ ‘ಟ್ಯಾನಿನ್’ ಎಂದು ರಸಾಯನಶಾಸ್ತ್ರದ ಹೆಸರು ಹೇಳಬೇಕಾದಲ್ಲಿ ನಮಗೆ ಒಗರು ಎಂಬ ಚೆಂದದ ಪದವಿದೆ. ನೇರಳೆ ಹಣ್ಣು, ಬಾಳೆಕಾಯಿ, ದಾಳಿಂಬೆ ಸಿಪ್ಪೆ ಗೊತ್ತಿರುವ ಕನ್ನಡಿಗರಿಗೆ ಟ್ಯಾನಿನ್ ಪಾಠವನ್ನು ಅರ್ಧ ನಿಮಿಷದಲ್ಲಿ ಮುಗಿಸಬಹುದು. ಈ ಒಗರು ಇಳಿಯಲೆಂದೇ ಬರೋಲೊಗೆ ಕೊಯ್ಲಿನ ನಂತರ ಕನಿಷ್ಠ 38 ತಿಂಗಳು ಕಾಯುವ ಕಡ್ಡಾಯವಿದೆ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎಂದಿದ್ದರೆ 62 ತಿಂಗಳು. ಪಕ್ಕದ ಬರ್ಬರೆಸ್ಕೊ ಅದೇ ದ್ರಾಕ್ಷಿಯದಾದರೂ ಸ್ವಲ್ಪ ಬೇಗ ಒಲಿಯುತ್ತದೆ. ಅದಕ್ಕೆ 26 ತಿಂಗಳು ಸಾಕು.

ಬರೋಲೊದ ಒಳಗೇ ಎರಡು ಮುಖಗಳಿವೆ. ಪಶ್ಚಿಮದ ಲಾ ಮೊರ್ರಾ ಮತ್ತು ಬರೋಲೊ ಗ್ರಾಮಗಳ ನೀಲಿ ಬೂದು ಸುಣ್ಣಮಣ್ಣಿನಿಂದ ಪರಿಮಳ ಹೆಚ್ಚಿದ, ಮೃದುವಾದ ವೈನ್ ಬರುತ್ತದೆ. ಪೂರ್ವದ ಸೆರ‍್ರಲುಂಗಾ, ಮೊನ್‌ಫೋರ್ತೆಗಳಲ್ಲಿ ಮಣ್ಣು ಇನ್ನೂ ಹಳೆಯದು, ಮರಳುಗಲ್ಲು ಬೆರೆತದ್ದು. ಅಲ್ಲಿನದು ಕಟ್ಟುಮಸ್ತಾದ ವೈನ್, ಹತ್ತು ವರ್ಷದ ಮೊದಲು ಮುಖ ಕೊಟ್ಟು ಮಾತನಾಡುವುದಿಲ್ಲ. ಒಮ್ಮೆ ಸೆರ‍್ರಲುಂಗಾದ ನೆಲಮಾಳಿಗೆಯಲ್ಲಿ ಪೀಪಾಯಿಯಿಂದಲೇ ತೆಗೆದ ಎರಡು ವರ್ಷದ ನೆಬ್ಬಿಯೋಲೊವನ್ನು ಬಾಯಿಗೆ ಹಾಕಿಕೊಂಡು ಒಸಡು ತುಟಿಗೆ ಅಂಟಿಕೊಂಡು ನಿಂತಿದ್ದೆ. ಅಲ್ಲಿನ ಹಿರಿಯರು ನಕ್ಕು, ಕಿಸೆಯಿಂದ ಹುರಿದ ಹೇಝಲ್ ಕಾಯಿ ನಾಲ್ಕು ತೆಗೆದು ಕೈಗಿಟ್ಟರು. ಜಗಿದು ಮತ್ತೆ ಕುಡಿದೆ. ಒಗರು ಹಿಂದೆ ಸರಿದು ಒಣ ಗುಲಾಬಿ, ಟಾರು, ಚೆರ‍್ರಿ ಒಂದೊಂದಾಗಿ ಬಂದವು. ಕಾಯಿಯ ಎಣ್ಣೆ ಮತ್ತು ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಂಡದ್ದರಿಂದ ಆದ ಬದಲಾವಣೆ ಅದು. ಪ್ರಾಧ್ಯಾಪಕರ ಮನೆಯಲ್ಲಿ ಉಳಿದವರು ಬಹುಶಃ ಮಾಂಸದ ಜೊತೆ ಕುಡಿದರು, ನೀವು ಬರಿಬಾಯಲ್ಲೋ ತರಕಾರಿಯ ಜೊತೆಯೋ ಕುಡಿದಿರಿ. ವ್ಯತ್ಯಾಸ ಇಷ್ಟರಲ್ಲೇ ಇದ್ದೀತು. ಎಳೆಯ ಸೀಸೆಯನ್ನು ಆಗತಾನೆ ತೆರೆದಿದ್ದರಂತೂ ಮೆಚ್ಚಿದವರಲ್ಲಿ ಅರ್ಧ ಜನ ಮರ್ಯಾದೆಗೆ ಮೆಚ್ಚಿದ್ದಾರೆ ಎಂಬುದು ನನ್ನ ಅನುಮಾನ.

ಈ ಒಗರಿನ ಹೆಸರಿನಲ್ಲಿ ಅಲ್ಲಿ ಮನೆಗಳೇ ಒಡೆದಿವೆ. ಹಳಬರು ಸಿಪ್ಪೆಯನ್ನು ರಸದಲ್ಲಿ ವಾರಗಟ್ಟಲೆ ನೆನೆಹಾಕಿ, ದೊಡ್ಡ ಹಳೆಯ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. 1980ರ ದಶಕದಲ್ಲಿ ಕೆಲವು ಯುವಕರು ಫ್ರಾನ್ಸಿಗೆ ಹೋಗಿ ಬಂದು, ನೆನೆಹಾಕುವುದನ್ನು ಕೆಲವೇ ದಿನಕ್ಕೆ ಇಳಿಸಿ, ಚಿಕ್ಕ ಹೊಸ ಪೀಪಾಯಿ ತಂದರು. ಲಾ ಮೊರ್ರಾದ ಎಲಿಯೊ ಅಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರಗರಗಸದಿಂದ ಕೊಯ್ದುಹಾಕಿದರು. ತಂದೆ ಮಗನಿಗೆ ಆಸ್ತಿ ಕೊಡಲಿಲ್ಲ. ಈಗ ಆ ಜಗಳ ಬಹುಮಟ್ಟಿಗೆ ತಣ್ಣಗಾಗಿದೆ. ಎರಡೂ ಪಂಗಡದವರು ಒಬ್ಬರಿಂದ ಒಬ್ಬರು ಸದ್ದಿಲ್ಲದೆ ಕಲಿತಿದ್ದಾರೆ. ನನ್ನ ಒಲವು ಹಳಬರ ಕಡೆಗೆ. ಹೊಸ ಪೀಪಾಯಿಯ ವೆನಿಲಾ ವಾಸನೆಯಲ್ಲಿ ನೆಬ್ಬಿಯೋಲೊವಿನ ಗುಲಾಬಿ ಮುಚ್ಚಿಹೋಗುತ್ತದೆ.

ವಿದ್ಯಾರ್ಥಿಯ ಕಿಸೆಗೆ ಬರೋಲೊ ಭಾರ. ‘ಲಾಂಗೆ ನೆಬ್ಬಿಯೋಲೊ’ ಎಂದಿರುವ ಸೀಸೆ ನೋಡಿ. ಅದೇ ಗುಡ್ಡಗಳ, ಅದೇ ದ್ರಾಕ್ಷಿಯ, ಅಷ್ಟು ಕಾಲ ಕಾಯಿಸದ ವೈನ್. ಬೆಲೆಯೂ ಬರೋಲೊಗಿಂತ ಬಹಳ ಕಡಿಮೆ. ಮನೆಯ ನಿತ್ಯದ ಊಟಕ್ಕೆ ಆ ಕಡೆಯವರು ಬಳಸುವುದು ಬಾರ್ಬೆರಾ. ಅದರಲ್ಲಿ ಹುಳಿ ಹೆಚ್ಚು, ಒಗರು ಕಡಿಮೆ. ನೀವು ಇಲ್ಲಿಂದ ಆರಂಭಿಸಿದ್ದರೆ ಆ ರಾತ್ರಿ ಇಷ್ಟು ಗಾಬರಿಯಾಗುತ್ತಿರಲಿಲ್ಲ.

ತಸ್ಕನಿಗೆ ಬಂದರೆ ಸಾಂಜೋವೇಸೆಯ ಸಾಮ್ರಾಜ್ಯ. ಕಿಯಾಂಟಿ, ಬ್ರುನೆಲ್ಲೊ ದಿ ಮೊಂತಾಲ್ಚಿನೊ, ಮೊರೆಲ್ಲಿನೊ ದಿ ಸ್ಕನ್ಸಾನೊ, ನಿಮ್ಮ ವೀನೊ ನೋಬಿಲೆ ಎಲ್ಲವೂ ಒಂದೇ ಬಳ್ಳಿಯ ಮಕ್ಕಳು, ಊರೂರಿಗೆ ಹೆಸರು ಬೇರೆ. ಹುಣಿಸೆಯನ್ನು ನೆನಪಿಸುವ ಹುಳಿ, ಒಣಗಿದ ಎಲೆಯ ವಾಸನೆ, ಹುಳಿ ಚೆರ‍್ರಿ. ಟೊಮೆಟೊ ಸಾಸಿನ ಜೊತೆ ಇದಕ್ಕೆ ಇರುವ ಹೊಂದಾಣಿಕೆ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಕಿಯಾಂಟಿಯ ಗಡಿಯನ್ನು 1716ರಲ್ಲೇ ಮೆದಿಚಿ ಮನೆತನದ ದೊರೆ ಮೂರನೆಯ ಕೋಸಿಮೊ ಆಜ್ಞೆ ಹೊರಡಿಸಿ ಗುರುತಿಸಿದ್ದ. ಹಳೆಯ ಹೆಸರಿದ್ದ ಮಾತ್ರಕ್ಕೆ ಒಳ್ಳೆಯ ವೈನ್ ಬರುತ್ತದೆಯೇ? 1967ರ ನಿಯಮವು ಕೆಂಪು ಕಿಯಾಂಟಿಗೆ ಶೇ 10ರಿಂದ 30ರಷ್ಟು ಬಿಳಿ ದ್ರಾಕ್ಷಿಯನ್ನು ಬೆರೆಸಲೇಬೇಕು ಎಂದಿತ್ತು. ಹಾಲಿಗೆ ನೀರು ಬೆರೆಸಲು ಸರ್ಕಾರವೇ ಅಪ್ಪಣೆ ಕೊಟ್ಟ ಹಾಗೆ. ಹುಲ್ಲು ಸುತ್ತಿದ ಬುರುಡೆ ಸೀಸೆಯಲ್ಲಿ ತೆಳ್ಳಗಿನ ಹುಳಿ ವೈನ್ ಜಗತ್ತಿಗೆಲ್ಲ ಹೋಯಿತು.

ಕೆಲವು ಮನೆತನಗಳು ನಿಯಮಕ್ಕೆ ಬೆನ್ನು ತಿರುಗಿಸಿದವು. 1968ರ ಕೊಯ್ಲಿನ ಸಾಸ್ಸಿಕಾಯಾ ಎಂಬ ವೈನ್ ಸಮುದ್ರತೀರದ ಬೋಲ್ಗೆರಿಯಲ್ಲಿ ಬೆಳೆದ ಫ್ರೆಂಚ್ ಮೂಲದ ಕ್ಯಾಬರ್ನೆ ಸೊವಿನ್ಯೊನ್‌ನಿಂದ ಬಂತು. 1971ರ ತಿನ್ಯಾನೆಲ್ಲೊ ಸಾಂಜೋವೇಸೆಯನ್ನು ಚಿಕ್ಕ ಪೀಪಾಯಿಯಲ್ಲಿ ಮಾಗಿಸಿತು. ಕಾನೂನಿನ ಲೆಕ್ಕದಲ್ಲಿ ಇವು ‘ವೀನೊ ದ ತಾವೊಲಾ’, ಅಂದರೆ ಊಟದ ಮೇಜಿನ ಸಾದಾ ವೈನ್. ಬೆಲೆಯಲ್ಲಿ ಮಾತ್ರ ಡಿಒಸಿಯ ಸೀಸೆಗಳನ್ನು ಹಿಂದೆ ಹಾಕಿದವು. ಅತ್ಯಂತ ಕೆಳಗಿನ ದರ್ಜೆಯ ಹೆಸರಿನಲ್ಲಿ ಅತ್ಯಂತ ದುಬಾರಿ ವೈನ್ ಮಾರಾಟವಾಗುವ ಮುಜುಗರ ತಪ್ಪಿಸಲು 1992ರ ಕಾಯ್ದೆಯಲ್ಲಿ ಐಜಿಟಿ ಎಂಬ ಮಧ್ಯದ ದರ್ಜೆ ಹುಟ್ಟಿತು. ಕಿಯಾಂಟಿಯ ಹಳೆಯ ನಡುಭಾಗವಾದ ಕಿಯಾಂಟಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿಗೆ ಪೂರ್ತಿ ನಿಷೇಧ ಬಂದದ್ದು 2006ರಲ್ಲಿ. ಈಗ ಅದರಲ್ಲಿ ಕನಿಷ್ಠ ಶೇ 80 ಸಾಂಜೋವೇಸೆ ಇರಬೇಕು. ಕರಿಹುಂಜದ ಚಿತ್ರ ಅದರ ಮುದ್ರೆ. ಬ್ರುನೆಲ್ಲೊವಾದರೆ ಪೂರ್ತಿ ಸಾಂಜೋವೇಸೆ, ಕೊಯ್ಲಾದ ಐದನೇ ವರ್ಷದ ಜನವರಿ 1ರ ಮೊದಲು ಮಾರುವಂತಿಲ್ಲ. ಅಷ್ಟು ಹಣ ಹಾಕುವ ಮೊದಲು ಅದರ ತಮ್ಮ ರೊಸ್ಸೊ ದಿ ಮೊಂತಾಲ್ಚಿನೊವನ್ನು ಕುಡಿದು ನೋಡಿ.

ರಜೆಗೆ ಊರಿಗೆ ಬಂದಾಗ ಹೋಲಿಸಿ ನೋಡುವ ಆಸೆಯಿದ್ದರೆ ಒಂದು ಮಾತು. ಸಾಂಜೋವೇಸೆ ನಮ್ಮ ಕಡೆಗೂ ಬಂದಿದೆ. ಹಂಪಿ ಸೀಮೆಯ ಗುಡ್ಡಗಳಲ್ಲಿ ಕೃಸ್ಮಾ ತೋಟದವರು ಅದನ್ನು ಬೆಳೆಯುತ್ತಾರೆ. ಮಹಾರಾಷ್ಟ್ರದ ಅಕ್ಲೂಜ್ ಬಳಿ ಇಟಲಿಯವರ ಪಾಲುದಾರಿಕೆಯಲ್ಲಿ ಆರಂಭವಾದ ಫ್ರಾತೆಲ್ಲಿಯಲ್ಲೂ ಅದು ಮುಖ್ಯ ಬೆಳೆ. ನಮ್ಮ ಬಿಸಿಲಿನಲ್ಲಿ ಹಣ್ಣು ಬೇಗ ಮಾಗುವುದರಿಂದ ಹುಳಿ ಇಳಿದು ಮೈ ತುಂಬಿಕೊಂಡಿರುತ್ತದೆ. ಒಂದೇ ಬಳ್ಳಿ ನೆಲ ಬದಲಾದರೆ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪಾಠ ಸಿಗಲಾರದು.

ವೆರೋನಾ ಬಳಿಯ ವಾಲ್ಪೊಲಿಚೆಲ್ಲಾದಲ್ಲಿ ಊರಿಗಿಂತ, ದ್ರಾಕ್ಷಿಗಿಂತ ಕೈಕೆಲಸ ದೊಡ್ಡದು. ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ ಗೊಂಚಲುಗಳನ್ನು ಕೊಯ್ದು, ಹಿಂಡದೆ, ಗಾಳಿಯಾಡುವ ಅಟ್ಟದ ಮೇಲೆ ಮೂರು ನಾಲ್ಕು ತಿಂಗಳು ಹರಡುತ್ತಾರೆ. ಹಿಂದೆ ಇದಕ್ಕೆ ಬಳಸುತ್ತಿದ್ದ ಜೊಂಡಿನ ತಟ್ಟಿಗಳು ರೇಷ್ಮೆಹುಳು ಸಾಕಲೂ ಬಳಸುತ್ತಿದ್ದವೇ. ಶಿಡ್ಲಘಟ್ಟದವರು ಆ ಅಟ್ಟ ಹತ್ತಿದರೆ ತಮ್ಮ ಮನೆಗೇ ಬಂದೆವು ಎಂದುಕೊಂಡಾರು. ನವೆಂಬರ್‌ನಲ್ಲಿ ನಾನು ಹತ್ತಿದಾಗ ಮೂಗಿಗೆ ಬಡಿದದ್ದು ಒಣದ್ರಾಕ್ಷಿಯ ಡಬ್ಬಿ ತೆರೆದಂಥ ವಾಸನೆ. ಒಂದು ಗೊಂಚಲು ಎತ್ತಿ ನೋಡಿದೆ. ತೊಟ್ಟು ಕಂದಾಗಿ ಗರಗರ ಎನ್ನುತ್ತಿತ್ತು, ಹಣ್ಣು ಸುಕ್ಕುಗಟ್ಟಿದ್ದರೂ ಒಳಗೆ ಇನ್ನೂ ಜೇನಿನಂತೆ ರಸವಿತ್ತು. ತೂಕದ ಮೂರನೇ ಒಂದು ಭಾಗ ನೀರಾಗಿ ಹಾರಿಹೋದ ಮೇಲೆ ಹಿಂಡಿ, ಸಕ್ಕರೆ ಪೂರ್ತಿ ಮುಗಿಯುವವರೆಗೆ ಹುದುಗಲು ಬಿಟ್ಟರೆ ಅಮರೋನೆ. ಸಿಹಿ ಉಳಿಸಿದರೆ ರೆಚೋತೊ. ಅಮರೋನೆಯಲ್ಲಿ ಮದ್ಯಸಾರ ಕನಿಷ್ಠ ಶೇ 14, ಎಷ್ಟೋ ಸೀಸೆಗಳಲ್ಲಿ 15, 16. ನಮ್ಮ ಖಾರದ ಹತ್ತಿರ ಅದನ್ನು ತರಬೇಡಿ.

ಅದೇ ಪ್ರಾಂತ್ಯದ ನೊರೆಯ ವೈನ್ ಪ್ರೊಸೆಕ್ಕೊ ನಿಮ್ಮ ಗೊಂದಲಕ್ಕೆ ಇನ್ನೊಂದು ಉದಾಹರಣೆ. 2009ರವರೆಗೆ ಅದು ದ್ರಾಕ್ಷಿಯ ಹೆಸರಾಗಿತ್ತು. ದ್ರಾಕ್ಷಿಯ ಹೆಸರಾದರೆ ಆಸ್ಟ್ರೇಲಿಯಾದವರೂ ಬೆಳೆದು ಪ್ರೊಸೆಕ್ಕೊ ಎಂದು ಮಾರಬಹುದು, ತಡೆಯಲಾಗದು. ಟ್ರಿಯೆಸ್ಟೆ ಬಳಿ ಪ್ರೊಸೆಕ್ಕೊ ಎಂಬ ಹಳ್ಳಿಯಿತ್ತು. ಅಲ್ಲಿಯವರೆಗೂ ಗಡಿಯನ್ನು ಎಳೆದು ಹೆಸರನ್ನು ಊರಿನದ್ದು ಮಾಡಿದರು. ದ್ರಾಕ್ಷಿಗೆ ಗ್ಲೇರಾ ಎಂಬ ಹಳೆಯ ಹೆಸರನ್ನು ಹುಡುಕಿ ಕೊಟ್ಟರು. ಜಾಣತನಕ್ಕೆ ಮೆಚ್ಚಬೇಕು. ಆ ವೈನಿನ ಬಗ್ಗೆ ಅದಕ್ಕಿಂತ ಹೆಚ್ಚು ಹೇಳಲು ನನಗೆ ಉತ್ಸಾಹವಿಲ್ಲ.

ದಕ್ಷಿಣವನ್ನು ಬಹಳ ಜನ ಬಿಸಿಲಿನ ಅಗ್ಗದ ವೈನ್ ಎಂದು ದಾಟಿಹೋಗುತ್ತಾರೆ. ಪುಲ್ಯಾದ ಪ್ರಿಮಿತೀವೊ ಆ ಮಾತಿಗೆ ಸ್ವಲ್ಪ ಆಧಾರ ಕೊಡುತ್ತದೆ. ಬೇಗ ಹಣ್ಣಾಗುವ, ಜ್ಯಾಮಿನಂಥ ದ್ರಾಕ್ಷಿ. ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ ಕೂಡ ಇದೇ, ಎರಡರ ಮೂಲ ಕ್ರೊಯೇಷಿಯಾ ಎಂದು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಆದರೆ ಕಂಪಾನ್ಯಾದ ಒಳನಾಡಿನ ಬೆಟ್ಟಗಳಲ್ಲಿ ಬೆಳೆಯುವ ಅಲ್ಯಾನಿಕೊ ನೆಬ್ಬಿಯೋಲೊಗೇ ಸರಿಸಾಟಿಯಾಗಿ ತಡವಾಗಿ ಹಣ್ಣಾಗುತ್ತದೆ. ಅಲ್ಲಿ ಕೊಯ್ಲು ನವೆಂಬರ್‌ವರೆಗೂ ನಡೆಯುವುದುಂಟು. ಅದರ ಹೆಸರಾಂತ ವೈನ್ ತೌರಾಸಿ. ಅದನ್ನು ‘ದಕ್ಷಿಣದ ಬರೋಲೊ’ ಎಂದು ಹೊಗಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದರ ಗಾಢ ಬಣ್ಣ, ಹೊಗೆಯ ವಾಸನೆ ಯಾವುದೂ ಬರೋಲೊದಲ್ಲಿಲ್ಲ. ಹೋಲಿಕೆಯೇ ಬೇಕಾದರೆ ಸಿಸಿಲಿಗೆ ಹೋಗಿ. ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ, 1,000 ಮೀಟರ್ ಎತ್ತರದವರೆಗೂ, ಕರಿ ಬೂದಿಮಣ್ಣಿನಲ್ಲಿ ನೆರೆಲ್ಲೊ ಮಸ್ಕಲೇಸೆ ಬೆಳೆಯುತ್ತದೆ. ಬಣ್ಣ ತೆಳು, ಹುಳಿ ಚುರುಕು, ಒಗರು ನಯ. ಬೆಟ್ಟದ ಯಾವ ಮಗ್ಗುಲು, ಯಾವ ಕಾಲದ ಲಾವಾ ಎಂಬುದರ ಮೇಲೆ ರುಚಿ ಬದಲಾಗುತ್ತದೆ. ಬರೋಲೊ ನಿಮಗೆ ಒಲಿದ ಮೇಲೆ ಕುಡಿಯಬೇಕಾದದ್ದು ಇದು.

ಇಟಲಿಯ ಇಪ್ಪತ್ತು ಪ್ರಾಂತ್ಯಗಳಲ್ಲೂ ವೈನ್ ಆಗುತ್ತದೆ, ದ್ರಾಕ್ಷಿ ತಳಿಗಳು ನೂರಾರು. ಎಲ್ಲವನ್ನೂ ಬಾಯಿಪಾಠ ಮಾಡುವ ಹಟ ಬೇಡ. ಈ ವರ್ಷ ಬಾರ್ಬೆರಾ, ನೆಬ್ಬಿಯೋಲೊ, ಸಾಂಜೋವೇಸೆ ಮೂರನ್ನೇ ಹಿಡಿದುಕೊಳ್ಳಿ. ಒಂದರಲ್ಲಿ ಹುಳಿ, ಒಂದರಲ್ಲಿ ಒಗರು, ಒಂದರಲ್ಲಿ ಎರಡೂ. ನಾಲ್ಕನೆಯದು ಬಂದಾಗ ಇವುಗಳ ಪಕ್ಕದಲ್ಲಿಟ್ಟು ಅಳೆಯಲು ಬರುತ್ತದೆ.

ಊಟದ ವಿಷಯ. ಮೆಣಸಿನಕಾಯಿಯ ಖಾರವಿದ್ದಲ್ಲಿ ಒಗರು ಮತ್ತು ಮದ್ಯಸಾರ ಎರಡೂ ಉರಿಯನ್ನು ಹೆಚ್ಚಿಸುತ್ತವೆ. ಬಿಸಿಬೇಳೆಬಾತಿನ ಜೊತೆ ಬರೋಲೊ ಕುಡಿದರೆ ಎರಡೂ ಹಾಳು. ಅದಕ್ಕೆ ಮೊಸ್ಕಾತೊ ದಾಸ್ತಿ ತನ್ನಿ. ಹಗುರ ಸಿಹಿ, ಚೂರು ನೊರೆ, ಮದ್ಯಸಾರ ಶೇ 5ರ ಆಸುಪಾಸು, ಚೆನ್ನಾಗಿ ತಣ್ಣಗಿರಬೇಕು. ಟೊಮೆಟೊ ಸಾರು, ಪಲ್ಯದಂಥ ಸೌಮ್ಯ ಅಡುಗೆಗೆ ಬಾರ್ಬೆರಾ ಹೊಂದುತ್ತದೆ. ನೀವು ಸಸ್ಯಾಹಾರಿ ಎಂದಿರಿ, ಹಾಗಾಗಿ ಇನ್ನೊಂದು ವಿಷಯ ಗೊತ್ತಿರಲಿ: ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿಭಾಗ, ಪ್ರಾಣಿಜನ್ಯ ಜೆಲಟಿನ್ ಬಳಸುತ್ತಾರೆ. ಅದು ವೈನಿನಿಂದ ಬಹುಪಾಲು ಹೊರಹೋಗುತ್ತದೆ, ಆದರೂ ಮನಸ್ಸು ಒಪ್ಪದಿದ್ದರೆ ‘ವೀಗನ್’ ಗುರುತಿರುವ ಸೀಸೆ ಕೇಳಿ ಪಡೆಯಿರಿ.

ಬರೋಲೊ ವಿಷಯದಲ್ಲಿ ನಿಮಗೆ ಒಂದು ಸಂಜೆಯ ಕೆಲಸ ಕೊಡುತ್ತೇನೆ. ಲಾಂಗೆ ನೆಬ್ಬಿಯೋಲೊ ಒಂದು ಸೀಸೆ ತಂದು ಊಟಕ್ಕೆ ಎರಡು ಗಂಟೆ ಮೊದಲೇ ಬಿರಡೆ ತೆಗೆದು, ಅಗಲ ಬಾಯಿಯ ಜಾಡಿಗೆ ಸುರಿದಿಡಿ. ಮೊದಲ ಗುಟುಕು ಬರಿಬಾಯಲ್ಲಿ ಕುಡಿಯಿರಿ, ಒಗರು ಎಲ್ಲಿ ಹಿಡಿಯುತ್ತದೆ ನೋಡಿಕೊಳ್ಳಿ. ಆಮೇಲೆ ಬರೋಲೊ ಕಡೆಯವರ ತಾಯರಿನ್ ತರಹದ ಸಣ್ಣ ಎಳೆಯ ಪಾಸ್ತಾ ಬೇಯಿಸಿ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಹಾಕಿ, ಮೇಲೆ ಗಿಣ್ಣು (ಚೀಸ್) ತುರಿದು ತಿನ್ನುತ್ತ ಕುಡಿಯಿರಿ. ತಾಯರಿನ್‌ಗೆ ಮೊಟ್ಟೆಯ ಹಳದಿ ತುಂಬ ಹಾಕುತ್ತಾರೆ, ಮೊಟ್ಟೆ ಬೇಡವಾದರೆ ರವೆಯ ಒಣ ಪಾಸ್ತಾವೇ ಇರಲಿ. ಗಿಣ್ಣು ಕೂಡ ಕರುವಿನ ಹೊಟ್ಟೆಯ ರೆನೆಟ್ ಹಾಕದ್ದನ್ನು ಕೇಳಿ ತನ್ನಿ. ಬೆಣ್ಣೆಯಲ್ಲಿ ಜಿಪುಣತನ ಮಾಡಬೇಡಿ ಎಂದು ದಾವಣಗೆರೆಯವರಿಗೆ ನಾನು ಹೇಳಬೇಕಿಲ್ಲ. ಸೀಸೆಯಲ್ಲಿ ಅರ್ಧ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಒಂದು ಗಂಟೆ ಮೊದಲು ಹೊರಗೆ ತೆಗೆದು ಮತ್ತೆ ಕುಡಿದು ನೋಡಿ. ಎಳೆಯ ನೆಬ್ಬಿಯೋಲೊ ಎಷ್ಟೋ ಸಲ ಎರಡನೇ ದಿನವೇ ಚೆನ್ನಾಗಿರುತ್ತದೆ.